ಮೂರು ಅಂತ ಹೊರೋಳಿಗೇ ಹೇಳದೆ ಇದ್ದದ್ದು

…ಅದಲ್ಲವ್ವ, ತಟ್ಟೆ ಹಂಗೆ ಮುಂದಕ್ಕೆ ತಳ್ಳಿದ್ರೆ ಹೆಂಗೆ, ಒಂದೇ ಸಲಕ್ಕೆ ಉಣ್ಣಕ್ಕಾಗಲ್ಲ ಅಂದ್ರೆ ನಾಕು ಸಲ ಉಣ್ಣು, ಆರು ಸಲ ಉಣ್ಣು, ಒಳಗೆ ಜಾಗ ಇಲ್ಲ ಅಂತ ನನಗೂ ಗೊತ್ತೈತೆ. ಸ್ಕ್ಯಾನಿಂಗ್‌ನಾಗೆ ಮೂರು ಅಂತ ಬಂತು ಅಂತ ನಿನ್ನೆ ನಿಮ್ಮಪ್ಪ ಬಂದು ಹೇಳಿದಾಗಿಂದ ಈ ಮನ್ಯಾಗೆ ಎಲ್ಲಾರೂ ಪಿಸುಪಿಸು ಶುರು ಹಚ್ಕಂಡಾರೆ. ನೀನು ಅಡುಗೆ ಮನೆಗೆ ಹೋದ್ರೆ ಇಲ್ಲಿ ಮಾತು, ನೀನು ಇಲ್ಲಿ ಬಂದ್ರೆ ಅಡುಗೆ ಮನ್ಯಾಗೆ ಮಾತು. ನನಗೆ ಆ ಪಿಸುಪಿಸು ಆಗಿಬರಲ್ಲ. ಯಾಕ ಅಂತ ಹೇಳ್ತೀನಿ ಕೂತ್ಕ. ಅಳಿಯಪ್ಪ, ನೀನೂ ಕೂಡಪ್ಪ, ನಿನಗೂ ಬೇಕಾದ ಮಾತೇ ಇದು. ನಿಮ್ಮಜ್ಜಿ ಪಾರ್ವತಿ ಮೊದಲ ಸಲ ಬಸುರಾದಾಗ ಅವಳ ಹೊಟ್ಟ್ಯಾಗೂ ಮೂರೇ ಇದ್ದದ್ದು. ಎರಡಲ್ಲ, ಮೂರು. ನಿಮ್ಮಪ್ಪ, ನಿಮ್ಮ ಸರೋಜತ್ತೆ ಅವಳಿ ಅಂತ ಕೇಳ್ಕಂಡು ಬೆಳೆದೀಯ ನೀನು. ಅದು ಅರ್ಧ ಮಾತು. ಪೂರ್ತಿ ಮಾತು ಈಗ ಹೇಳ್ತೀನಿ.

ಅರವತ್ತನೇ ಇಸವಿ ಆಸುಪಾಸು ಇರ್ಬೇಕು. ನಮ್ಮ ಮನೆ ಆಗ ಹರಿಹರದಾಗೆ, ಹೊಳೆ ಕಡೆ ಇಳಿಯೋ ಬೀದ್ಯಾಗೆ. ನನ್ನ ವ್ಯಾಪಾರ ದಾವಣಗೆರ್ಯಾಗೆ, ಅರಳೆ ವ್ಯಾಪಾರ, ರೈತರ ಹತ್ತಿ ಹಿಡಿಯೋದು, ಬೀಜ ಬಿಡಿಸೋದು, ಮಿಲ್ಲಿಗೆ ಕೊಡೋದು. ಬೆಳಗ್ಗೆ ರೈಲಿಗೆ ಹೋಗೋದು, ಸಂಜೆ ರೈಲಿಗೆ ಬರೋದು. ಪಾರ್ವತಿ ತವರು ಹದಡಿ, ದಾವಣಗೆರೆ ಪಕ್ಕದ ಹಳ್ಳಿ. ಮನ್ಯಾಗೆ ನಾನು, ಅವಳು, ನಮ್ಮವ್ವ, ಅಷ್ಟೇ. ಐದು ತಿಂಗಳಿಗೇ ಪಾರ್ವತಿ ಹೊಟ್ಟೆ ಬೇರೇರ ಎಂಟು ತಿಂಗಳ ಹೊಟ್ಟೆ ಆದಂಗೆ ಆತು. ಬೀದಿ ಹೆಂಗಸರೆಲ್ಲ ಬಂದು ನೋಡಿ, "ಗಂಡೇ ಬಿಡು, ಪೈಲ್ವಾನ" ಅಂತ ತೀರ್ಮಾನ ಮಾಡಿ ಹೋದ್ರು. ನನಗೂ ಒಳಗೊಳಗೇ ಖುಷಿ, ಸುಳ್ಳು ಯಾಕ ಹೇಳ್ಲಿ. ನಮ್ಮವ್ವ ಏನು ಮಾಡಿದ್ಲು ಅಂದ್ರೆ, ಅನ್ನ ಕಮ್ಮಿ ಮಾಡಿದ್ಲು. ಕೆಟ್ಟ ಬುದ್ಧಿಯಿಂದ ಅಲ್ಲ ಮತ್ತೆ. ಆಗಿನ ಕಾಲದಾಗೆ ಎಲ್ಲಾರ ಮನ್ಯಾಗೂ ಅದೇ, ಬಸುರಿ ಜಾಸ್ತಿ ಉಂಡ್ರೆ ಕೂಸು ದಪ್ಪಾಗ್ತೈತೆ, ದಪ್ಪಾದ್ರೆ ಹೆರಿಗೆ ಕಷ್ಟ ಅಂತ. "ಈಗ್ಲೇ ಇಷ್ಟೈತೆ, ಇನ್ನೂ ಉಣ್ಣಿಸಿದ್ರೆ ಇದು ಹೊರಗೆ ಬರೋದು ಹೆಂಗೆ" ಅಂತ ಒಂದು ರೊಟ್ಟಿ, ಒಂದು ಹಿಡಿ ಅನ್ನ. ನಾನು ನೋಡ್ದೆ, ಸುಮ್ಮನಾದೆ. ಅಡುಗೆ ಮನೆ ವಿಚಾರ ಹೆಂಗಸರದು ಅಂತ. ಮಾರ್ಕೆಟ್‌ನಾಗೆ ಒಂದು ಹಿಡಿ ಅರಳೆ ಹಿಂಜಿ ನೋಡಿ ಇದು ಯಾವ ಹೊಲದ್ದು ಅಂತ ಹೇಳೋ ನಾನು, ಮನ್ಯಾಗೆ ಕಣ್ಣೆದುರು ಏನಾಗ್ತೈತೆ ಅಂತ ನೋಡ್ಲಿಲ್ಲ.

ಆಮೇಲೆ ಕಾಲು ಬಾತವು. ಬೆರಳು ಒತ್ತಿದ್ರೆ ಗುಣಿ ಬೀಳೋದು. ಅವತ್ತು ನಾನು ಅವ್ವನ್ನ ಕೇಳ್ಲಿಲ್ಲ, ರೈಲಿಗೆ ಹತ್ತಿಸ್ಕಂಡು ದಾವಣಗೆರೆಗೆ ಕರ್ಕಂಡು ಬಂದೆ. ಪಿ.ಜೆ. ಬಡಾವಣ್ಯಾಗೆ ಒಬ್ರು ಡಾಕ್ಟ್ರಮ್ಮ ಇದ್ರು, ಗಟ್ಟಿ ಹೆಂಗಸು, ಮಾತು ಕಮ್ಮಿ. ಒಂದು ಮರದ ಕೊಳವೆ ಹೊಟ್ಟೆ ಮ್ಯಾಲೆ ಇಟ್ಟು ಕಿವಿ ಕೊಟ್ಟು ಕೇಳಿದ್ರು. ಈ ಕಡೆ ಕೇಳಿದ್ರು, ಆ ಕಡೆ ಕೇಳಿದ್ರು, ಮ್ಯಾಲೆ ಕೇಳಿದ್ರು, ಮತ್ತೆ ಈ ಕಡೆಗೆ ಬಂದ್ರು. "ಇನ್ನೊಂದು ತಿಂಗಳು ಬಿಟ್ಟು ಎಕ್ಸ್‌ರೇ ತೆಗೆಸ್ಕಂಡು ಬರ್ರಿ, ಅಲ್ಲೀತನಕ ಹೊಟ್ಟೆ ತುಂಬ ಊಟ ಹಾಕ್ರಿ" ಅಂದ್ರು. ತೆಗೆಸ್ದೆ. ಫಿಲ್ಮ್ ಹಿಡ್ಕಂಡು ನಾನೊಬ್ನೇ ಹೋದೆ. ಡಾಕ್ಟ್ರಮ್ಮ ಅದನ್ನ ಕಿಟಕಿ ಬೆಳಕಿಗೆ ಹಿಡಿದ್ರು. "ಇದು ಒಂದು ತಲೆ. ಇದು ಇನ್ನೊಂದು. ಇಲ್ಲಿ ಕೆಳಗೆ ನೋಡ್ರಿ ಸಾವ್ಕಾರ್ರೆ, ಇದು ಮೂರನೇದು." ನಾನು ನೋಡ್ದೆ. ಮಂಜಿನಾಗೆ ತೆಂಗಿನ ಚಿಪ್ಪು ಇಟ್ಟಂಗೆ ಮೂರು ಉಂಗುರ. "ಬದುಕ್ತಾವಾ" ಅಂದೆ. "ಮೊದ್ಲು ತಾಯಿ ವಿಚಾರ ಕೇಳ್ರಿ" ಅಂದ್ರು.

ಆಮೇಲೆ ಡಾಕ್ಟ್ರಮ್ಮ ಹೇಳಿದ್ದು ಇಷ್ಟು, ನೀನೂ ಕೇಳ್ಕ, ಈಗಿನ ಡಾಕ್ಟ್ರೂ ಹೆಚ್ಚುಕಮ್ಮಿ ಅದನ್ನೇ ಹೇಳ್ತಾರೆ. ಒಂಬತ್ತು ತಿಂಗಳು ಕಾಯಲ್ಲ ಇವು, ಎಂಟನೇದ್ರಾಗೇ ಬರ್ತಾವೆ. ಸಣ್ಣ ಇರ್ತಾವೆ, ಬೆಚ್ಚಗೆ ಇಡ್ಬೇಕು. ತಾಯಿ ಮಲಗ್ಬೇಕು, ಎಡಮಗ್ಗುಲು, ಕೊಡ ಎತ್ತಬಾರ್ದು, ಒಲೆ ಮುಂದೆ ಕುಕ್ಕರಗಾಲಲ್ಲಿ ಕೂಡಬಾರ್ದು. ಹಾಲು, ಕಾಳು, ಸೊಪ್ಪು, ಶೇಂಗಾ, ಬೆಲ್ಲ, ಸ್ವಲ್ಪ ಸ್ವಲ್ಪ ದಿನಕ್ಕೆ ಆರು ಸಲ. ಮೊಟ್ಟೆ ಅಂತಲೂ ಅಂದ್ರು, ಆ ಮಾತನ್ನ ನಾನು ಅಲ್ಲೇ ಬಾಗಿಲಾಗೆ ಬಿಟ್ಟು ಬಂದೆ, ನಮ್ಮವ್ವನ ಮುಂದೆ ಅದನ್ನ ಎತ್ತೋ ಧೈರ್ಯ ಯಾರಿಗೈತೆ. ಕೊನೀಗೆ, "ಹಳ್ಳಿಗೆ ಕಳಿಸ್ಬ್ಯಾಡ್ರಿ. ನೋವು ಬಂದ್ರೆ ಕಾಲು ಗಂಟ್ಯಾಗೆ ನನ್ನ ಮುಂದೆ ಇರ್ಬೇಕು. ಇದನ್ನೆಲ್ಲ ನಿಮ್ಮ ಮನೆಯೋರಿಗೆ ಕೂಡಿಸ್ಕಂಡು ಹೇಳ್ರಿ" ಅಂದ್ರು. ಹೂಂ ಅಂದೆ.

ಹೇಳ್ಲಿಲ್ಲ. ಅದೇ ನೋಡು ನಾನು ಮಾಡಿದ್ದು. ಆಗ ಪ್ಯಾಟ್ಯಾಗೆ ದರ ಬಾಯಿಬಿಟ್ಟು ಹೇಳೋ ಪದ್ಧತಿ ಇರ್ಲಿಲ್ಲ. ಟವೆಲ್ ಕೆಳಗೆ ಕೈ ಹಾಕಿ ಒಬ್ರ ಬೆರಳು ಒಬ್ರು ಹಿಡಿಯೋದು, ಪಕ್ಕದಾಗೆ ನಿಂತೋನಿಗೂ ಗೊತ್ತಾಗ್ಬಾರ್ದು. ಸಂಖ್ಯೆ ಹೊರಗೆ ಬಿತ್ತು ಅಂದ್ರೆ ವ್ಯವಹಾರ ಕೆಡ್ತು ಅಂತ ಹತ್ತು ವರ್ಷ ಕಲಿತೋನು ನಾನು. ಪಾರ್ವತಿ ಸೋದರತ್ತೆ ಒಬ್ಳು ಅವಳಿ ಹೆರೋಕೆ ಹೋಗಿ ತೀರ್ಕಂಡಿದ್ಲು, ಅದನ್ನ ಇವಳು ಹುಡುಗಿ ಇದ್ದಾಗ ಕಣ್ಣಾರೆ ಕಂಡಿದ್ಲು. ಎರಡಕ್ಕೇ ಹಂಗಾತು, ಮೂರು ಅಂದ್ರೆ ಇವಳು ಅನ್ನಾನೂ ಬಿಡ್ತಾಳೆ ಅಂತ ನಾನು ಲೆಕ್ಕ ಹಾಕ್ದೆ. ಹಂಗಾಗಿ ನಮ್ಮವ್ವನ ಹತ್ರ "ಕೂಸು ಭಾಳ ದಪ್ಪೈತಂತೆ, ಈಗ ಅನ್ನ ಕಮ್ಮಿ ಮಾಡಿದ್ರೆ ತಾಯಿಗೆ ಕುತ್ತಂತೆ" ಅಂದೆ. ಹದಡಿ ಅತ್ತೆಗೆ "ಎರಡಿದ್ರೂ ಇರಬೌದು" ಅಂದೆ. ಪಾರ್ವತಿಗೆ ಏನೂ ಅನ್ಲಿಲ್ಲ. ಒಂದೇ ಮಾಲು, ಗಿರಾಕಿಗೊಂದು ನಮೂನೆ ತೋರ್ಸಿದಂಗೆ.

ಈಗ ತವರಿನ ವಿಚಾರ. ಚೊಚ್ಚಲ ಹೆರಿಗೆ ತವರುಮನ್ಯಾಗೇ ಆಗ್ಬೇಕು, ಅದು ಬಿಟ್ಟು ಬೇರೆ ಮಾತಿಲ್ಲ. ಏಳನೇ ತಿಂಗಳು ಕುಬುಸ ಮಾಡಿ ಉಡಿ ತುಂಬಿ ಕಳಿಸೋದು. ಹದಡಿಗೆ ಕಳಿಸಿದ್ರೆ ಅಲ್ಲಿಂದ ನೋವು ತಿನ್ನೋಳನ್ನ ಗಾಡ್ಯಾಗೆ ಹಾಕ್ಕಂಡು ಬರ್ಬೇಕು, ಆಗದ ಮಾತು. ಹಂಗಂತ ಕಳಿಸಲ್ಲ ಅಂದ್ರೆ ಅತ್ತೆ ಮನೆಗೂ ನಮ್ಮ ಮನೆಗೂ ಜನ್ಮದಾಗೆ ಮಾತು ನಿಲ್ತಿತ್ತು. ನಾನು ಹದಡಿಗೆ ಹೋಗಿ ಅತ್ತೆ ಮುಂದೆ ಕೂತೆ. "ಅತ್ತೆ, ತವರು ಅಂದ್ರೆ ಗೋಡೇನ್ರಿ, ತಾಯೇನ್ರಿ?" "ತಾಯೇ" ಅಂದ್ಲು, ಅನುಮಾನದಾಗೆ. "ಹಂಗಾದ್ರೆ ತಾಯಿ ಎಲ್ಲಿ ಒಲೆ ಹಚ್ತಾಳೋ ಅದೇ ತವರು. ಪಿ.ಜೆ. ಬಡಾವಣ್ಯಾಗೆ ಡಾಕ್ಟ್ರಮ್ಮನ ಹಿಂದಿನ ಬೀದ್ಯಾಗೆ ಒಂದು ಮನೆ ನೋಡೀನಿ. ನೀವು ಬಂದು ಒಲೆ ಹಚ್ರಿ. ನನ್ನ ಹೆಂಡ್ತಿ ತವರಿಗೆ ಬರ್ತಾಳೆ, ನಾನು ಅಳಿಯ ಆಗಿ ಬಾಗಿಲಾಗೆ ಚಪ್ಪಲಿ ಬಿಟ್ಟು ಬರ್ತೀನಿ." ಅತ್ತೆ ಬಾಯಾಗಿನ ಎಲೆ ಅಡಿಕೆ ಒಂದು ಕಡೆಗೆ ತಳ್ಳಿ ಅಂದ್ಲು, "ನಿಮ್ಮ ಮಾತು ನಿಮ್ಮ ಅರಳೆ ಇದ್ದಂಗೆ ಐತೆ ಅಳಿಯಂದ್ರೆ, ಹಿಂಜಿದಷ್ಟೂ ಉಬ್ಬುತ್ತೆ." ಆದ್ರೂ ಒಪ್ಪಿದ್ಲು. ಒಂದೇ ಒಂದು ಷರತ್ತು: "ನನ್ನ ಎಮ್ಮೆ ಬರ್ತೈತೆ." ನಾನು ನಗ್ತಾ ಹೂಂ ಅಂದೆ, ಮಾತಿಗೆ ಅಂದಾಳೆ ಅಂತ. ಮಾತಿಗಲ್ಲ. ಕುಬುಸ ಆದ ಮೂರನೇ ದಿನ ಅತ್ತೆ, ಅತ್ತೆ ಹಿಂದೆ ಪಾರ್ವತಿ ತಂಗಿ ಗಂಗಾ, ಗಂಗಾ ಹಿಂದೆ ಎಮ್ಮೆ, ಹದಡಿಯಿಂದ ಪಿ.ಜೆ. ಬಡಾವಣೆಗೆ ನಡ್ಕಂಡು ಬಂದ್ರು. ಅಲ್ಲಿ ಎಲ್ಲಾ ವಕೀಲರು, ಆಫೀಸರು ಇರೋ ಬೀದಿ. ಮನೆ ಮಾಲೀಕ ಹೊರಗೆ ಬಂದು, "ಎಮ್ಮೆ ವಿಚಾರ ನೀವು ಹೇಳಿರ್ಲಿಲ್ಲ" ಅಂದ. ಅತ್ತೆ ಅಂದ್ಲು, "ಎಮ್ಮೆ ವಿಚಾರ ಹೇಳ್ತಾರೇನಪ್ಪ, ಎಮ್ಮೆ ಕಾಣ್ತೈತೆ." ಅವನ ಮನೆಗೂ ದಿನಾ ಹಾಲು ಹೋಗಕ್ಕೆ ಹತ್ತಿದ ಮ್ಯಾಲೆ ಅವನೂ ಸುಮ್ಮನಾದ. ಪಾರ್ವತಿನ್ನ ಹರಿಹರದಿಂದ ಆ ಮನೆಗೆ ತಂದು ಬಿಟ್ಟೆ.

ಇನ್ನು ಬೆಚ್ಚಗೆ ಇಡೋ ವಿಚಾರ. ಹುಟ್ಟೋಕೆ ಮುಂಚೆ ಕೂಸಿಗೆ ಅಂತ ಒಂದು ದಾರಾನೂ ಮನೆ ಒಳಗೆ ತರಬಾರ್ದು, ತಲೆಗೆ ಕುಂಚಿಗೆ ಹೊಲಿಬಾರ್ದು, ತೊಟ್ಟಿಲ ಮಾತೂ ಆಡ್ಬಾರ್ದು. ಇದು ನಮ್ಮವ್ವಂದೂ ಅದೇ, ಅತ್ತೇದೂ ಅದೇ, ಬೇರೆ ಯಾವ ವಿಚಾರದಾಗೂ ಇಬ್ರಿಗೆ ಒಪ್ಪಿಗೆ ಇಲ್ಲ, ಇದ್ರಾಗೆ ಒಂದೇ ಬಾಯಿ. ಹುಟ್ಟಿದ ಮ್ಯಾಲೆ ಹಳೇ ಸೀರೆ ಹರಿಯೋದು, ಅಷ್ಟೇ. ಒಂದಕ್ಕೆ ಅದು ಸಾಕು, ಅವಸರಕ್ಕೆ ಹುಟ್ಟೋ ಮೂರಕ್ಕೆ ಸಾಕಾ. ನಮ್ಮ ಅಂಗಡಿಗೆ ಹುಸೇನ್ ಸಾಬ ಅಂತ ಒಬ್ಬ ಪಿಂಜಾರ ಬರ್ತಿದ್ದ, ಬಿಲ್ಲು ಹೂಡಿ ಅರಳೆ ಹಿಂಜೋನು, ಗಾದಿ ತುಂಬೋನು. ಅವನಿಗೆ ನಾನೇ ಕೈಯಾರೆ ಆರಿಸಿ ಉದ್ದೆಳೆ ಅರಳೆ ಕೊಟ್ಟೆ. "ಒಂದು ಬೀಜದ ಚೂರೂ ಇರಬಾರ್ದು. ಎರಡು ಸಲ ಹಿಂಜು. ಮೊಳದುದ್ದ ಮೂರು ಗಾದಿ, ಮೂರು ಹೊದಿಕೆ, ಮೂರು ಕುಂಚಿಗೆ. ಮನೆಗೆ ತರಂಗಿಲ್ಲ, ಹುಟ್ಟೋಕೆ ಮುಂಚೆ ಹೊಲಿಯಂಗಿಲ್ಲ ಅಂತಾರೆ ನಮ್ಮೋರು." ಹುಸೇನ್ ಸಾಬ ಮೂರು ಅಂದದ್ದಕ್ಕೆ ಒಂದು ಸಲ ನನ್ನ ಮುಖ ನೋಡ್ದ, ಕೇಳ್ಲಿಲ್ಲ. "ನಿಮ್ಮ ಮನ್ಯಾಗೆ ಹೊಲಿಬಾರ್ದು, ಅಷ್ಟೇ ತಾನೆ ಸಾವ್ಕಾರ್ರೆ. ನಮ್ಮ ಮನ್ಯಾಗೆ ಹೊಲಿಯೋಕೆ ಯಾರ್ದು ತಕರಾರು? ನಮ್ಮ ಪೆಟ್ಟಿಗ್ಯಾಗೇ ಇರ್ತಾವೆ. ಹುಟ್ಟಿದ ತಕ್ಷಣ ಸುದ್ದಿ ಕಳ್ಸ್ರಿ" ಅಂದ. ಹಂಗೆ ಅದೂ ಆತು. ಎಲ್ಲಾ ಹೊಂದಿಸ್ದೆ ನೋಡವ್ವ ನಾನು. ಡಾಕ್ಟ್ರು ಹತ್ರ, ತಾಯಿ ಹತ್ರ, ಎಮ್ಮೆ ಹತ್ರ, ಗಾದಿ ತಯಾರು. ಭಾರಿ ಜಾಣ ಅನ್ಕಂಡಿದ್ದೆ.

ಆದ್ರೆ ಪಾರ್ವತಿ ಇಳಿಯಕ್ಕೆ ಹತ್ತಿದ್ಲು. ಹೊಟ್ಟೆ ಏರ್ತೈತೆ, ಮುಖ ಇಳೀತೈತೆ. ಆರು ಸಲ ತಟ್ಟೆ ಇಟ್ರೆ ಆರು ಸಲಾನೂ ಅರ್ಧ ಬಿಡೋದು. ಕೇಳಿದ್ರೆ "ಸಾಕು" ಅನ್ನೋದು, ಅಷ್ಟೇ. ಇನ್ನೊಂದು ವಿಚಿತ್ರ ಅಂದ್ರೆ ಗಂಗಾ. ಅವಳಿಗೆ ಹದಿನಾರೋ ಹದಿನೇಳೋ. ನನ್ನ ಕಂಡ್ರೆ "ಮಾವಾ, ಏನು ಹತ್ತಿ ಮೂಟೆ ಉರುಳ್ಕಂಡು ಬಂದಂಗೆ ಬಂದ್ರಿ" ಅಂತ ಆಡ್ಕಳೋಳು, ಆಗ ನಾನು ಸ್ವಲ್ಪ ದಪ್ಪ ಇದ್ದೆ. ಆ ಹುಡುಗಿ ಈಗ ನನ್ನ ಕಂಡ ಕೂಡ್ಲೇ ತಲೆ ತುಂಬ ಸೆರಗು ಎಳ್ಕಂಡು ಒಳಗೆ ಹೋಗೋದು. ನೀರು ಕೊಟ್ರೆ ಲೋಟ ನೆಲಕ್ಕಿಟ್ಟು ಹೋಗೋದು. ಒಂದು ದಿನ ಮಧ್ಯಾಹ್ನ ನಾನು ಹೋದಾಗ ಅತ್ತೆ ಎಮ್ಮೆಗೆ ಹಿಂಡಿ ಕಲಸ್ತಿದ್ಲು. "ಗಂಗಾಗೆ ಏನಾಗೈತ್ರಿ" ಅಂದೆ. ಅತ್ತೆ ಕೈ ತೊಳೀಲಿಲ್ಲ, ತಲೆ ಎತ್ತಲಿಲ್ಲ. "ನಿಮ್ಮ ಹೆಂಡ್ತಿ ಅವಳ ಕೈಯಾಗೆ ಭಾಷೆ ತಗಂಡಾಳೆ" ಅಂದ್ಲು. "ಏನಂತ?" "ನಾನು ಈ ಹೆರಿಗ್ಯಾಗೆ ಏಳಲ್ಲ, ನಾನು ಹೋದ್ರೆ ನೀನೇ ಆ ಮನೆಗೆ ಹೋಗ್ಬೇಕು, ನನ್ನ ಕೂಸನ್ನ ಹೊರಗಿನೋಳ ಕೈಗೆ ಕೊಡಬ್ಯಾಡ ಅಂತ. ಅವಳ ಹಸಿರು ಇಳಕಲ್ ಸೀರೆನೂ ಕೊಟ್ಟಾಳೆ. ಆ ಹುಡುಗಿ ನನ್ನ ಮುಂದೆ ನಿನ್ನೆ ಬಾಯಿಬಿಡ್ತು." ಹೆಂಡ್ತಿ ಸತ್ರೆ ಅವಳ ತಂಗಿನ್ನ ತರೋದು ಆಗ ನಡೀತಿತ್ತು, ತಪ್ಪು ಅಂತ ಯಾರೂ ಅಂತಿರ್ಲಿಲ್ಲ. ಆದ್ರೆ ಬದುಕಿರೋಳು ತಾನೇ ಕೂತು ಹೊಂದಿಸಿಟ್ಟಿದ್ಲಲ್ಲ. ನಾನು ಒಂದು ಕಡೆ ತಯಾರಿ ನಡೆಸಿದ್ದೆ, ಅವಳು ಇನ್ನೊಂದು ಕಡೆ ತಯಾರಿ ನಡೆಸಿದ್ಲು.

ಒಳಗೆ ಹೋದೆ. ಎಡಮಗ್ಗುಲಾಗಿ ಮಲಗಿದ್ಲು, ಹೇಳಿದಂಗೆ. ನಾನು ಎಕ್ಸ್‌ರೇ ಫಿಲ್ಮ್ ತಂದು ಕಿಟಕಿಗೆ ಹಿಡಿದೆ. ಅದು ನನ್ನ ಅಂಗಡಿ ಬೀರುವಿನಾಗೆ ಇತ್ತು, ಅಲ್ಲ, ತಡಿ, ಹಂಗಲ್ಲ. ಮೊದ್ಲು ಅಂಗಡಿಗೆ ಹೋಗಿ ಅದನ್ನ ತಂದೆ, ಆಮೇಲೆ ಒಳಗೆ ಹೋದದ್ದು. "ಇದು ಏನು ಗೊತ್ತಾ" ಅಂದೆ. "ಗೊತ್ತೈತೆ. ಕೂಸಿನ ಜೊತೆ ನನ್ನ ಹೊಟ್ಟ್ಯಾಗೆ ಬೆಳೀತಿರೋ ಗಡ್ಡೆ" ಅಂದ್ಲು. ಅವಳು ಅಷ್ಟು ದಿನ ಹಂಗೆ ತಿಳ್ಕಂಡಿದ್ಲು. ಎಲ್ಲಾರೂ ಉಪಚಾರ ಮಾಡ್ತಾರೆ, ಯಾರೂ ಏನೂ ಹೇಳಲ್ಲ, ಊರು ಬಿಟ್ಟು ಊರಿಗೆ ತಾಯಿ ಎಮ್ಮೆ ಹೊಡ್ಕಂಡು ಬಂದಾಳೆ, ಅಂದ್ಮ್ಯಾಲೆ ಸಾಯೋ ರೋಗ ಇರ್ಬೇಕು ಅಂತ. "ಗಡ್ಡೆ ಅಲ್ಲ. ಎಣಿಸು" ಅಂದೆ. ಅವಳು ಮೊಣಕೈ ಊರಿ ಎದ್ದು, ಬೆರಳು ಇಟ್ಟು ಎಣಿಸಿದ್ಲು. ಒಂದು, ಎರಡು, ಅಂತ ನಿಂತು, ಮೂರನೇದ್ರ ಮ್ಯಾಲೆ ಬೆರಳು ಊರಿದ್ಲು. "ಯಾವತ್ತಿಂದ ಗೊತ್ತು" ಅಂದ್ಲು. "ತಿಂಗಳಾತು." "ಯಾರ್ಯಾರಿಗೆ ಗೊತ್ತು?" "ಡಾಕ್ಟ್ರಮ್ಮಗೆ. ನನಗೆ. ಹುಸೇನ್ ಸಾಬಗೂ ಗೊತ್ತಾಗಿರ್ಬೇಕು. ನಿಮ್ಮವ್ವಗೆ ಎರಡು ಅಂದೀನಿ." "ಎಮ್ಮೆಗೆ?" ಅಂದ್ಲು. ಆಮೇಲೆ ಅವಳು ಅಂದದ್ದು ಕೇಳವ್ವ: "ನಿಮ್ಮ ಅಂಗಡಿ ಹಮಾಲಿ ಇದಾನಲ್ಲ, ಅವನು ಮೂಟೆ ಬೆನ್ನಿಗೆ ತಗಳ್ಳೋ ಮುಂಚೆ ಎಷ್ಟು ತೂಕ ಅಂತ ಕೇಳ್ತಾನೆ. ನೀವು ಹೇಳ್ತೀರಿ. ಹೇಳ್ದೆ ಹೊರ್ಸಿದ್ರೆ ಸೊಂಟ ಮುರೀತೈತೆ ಅಂತ ನಿಮಗೆ ಗೊತ್ತು. ನನಗೆ ಯಾಕ ಹೇಳ್ಲಿಲ್ಲ?"

ಅವತ್ತೇ ಸಂಜೆ ಪೂರ್ತಿ ಊಟ ಮಾಡಿದ್ಲು. ಮಾರನೇ ದಿನ ಬೆಳಗ್ಗೆ ತಾನೇ ಡಾಕ್ಟ್ರಮ್ಮನ ಹತ್ರ ಹೋಗಿ, ನನ್ನ ಹೊರಗೆ ಕೂಡ್ಸಿ, ಒಂದು ಗಂಟೆ ಮಾತಾಡಿದ್ಲು. ಯಾವ್ದು ಮೊದ್ಲು ಬರ್ತೈತೆ, ಮೊದಲನೇದು ಬಂದ ಮ್ಯಾಲೆ ಎಷ್ಟು ಹೊತ್ತಿಗೆ ಎರಡನೇದು, ಕೊನೇದು ಅಡ್ಡ ಇದ್ರೆ ಏನು ಮಾಡ್ತೀರಿ, ನಾನೇನು ಮಾಡ್ಬೇಕು. ನಾನು ಒಂದನ್ನೂ ಕೇಳಿರ್ಲಿಲ್ಲ ನೋಡು. ಬದುಕ್ತಾವಾ ಅಂತ ಕೇಳಿ ಬಂದೋನು ನಾನು. ಮನೆಗೆ ಬಂದು ಹರಿಹರದಿಂದ ನಮ್ಮವ್ವನ್ನ ಕರೆಸಿದ್ಲು. ಮೂರು ಹೆಂಗಸರನ್ನ ಮುಂದೆ ಕೂಡಿಸ್ಕಂಡು ಹೇಳಿದ್ಲು, "ಮೊದಲನೇದು ಹರಿಹರದ ಅತ್ತೆದು. ಎರಡನೇದು ಹದಡಿ ಅವ್ವಂದು. ಮೂರನೇದು ಗಂಗಾಂದು. ಹಾಲು ನಾನು ಕೊಡ್ತೀನಿ, ಸಾಲದಿದ್ರೆ ಡಾಕ್ಟ್ರಮ್ಮ ಹೇಳಿದಂಗೆ ಒಳಲೇಲಿ ಕುಡಿಸ್ರಿ. ಒಬ್ಬೊಬ್ರು ಒಂದೊಂದನ್ನ ಎದೆಗೆ ಒತ್ತಿಕೊಂಡು ಕೂಡ್ಬೇಕು, ಕೆಳಗೆ ಇಡಂಗಿಲ್ಲ." ಮೂರು ಅಂತ ಕೇಳಿ ನಮ್ಮವ್ವ ಗೋಡೆಗೆ ಒರಗಿದ್ಲು. ಸುಧಾರಿಸ್ಕಂಡು, "ಏಳು ತಿಂಗಳದ್ದಾದ್ರೆ ಉಳಿತೈತವ್ವ, ಎಂಟು ತಿಂಗಳದ್ದು ಉಳಿಯಲ್ಲ ಅಂತಾರೆ ಹಿರಿಯರು" ಅಂದ್ಲು. ಪಾರ್ವತಿ ಅಂದ್ಲು, "ಹಿರಿಯರು ಅನ್ನ ಕಮ್ಮಿ ಹಾಕ್ರಿ ಅಂತಲೂ ಹೇಳಿದ್ರು ಅತ್ತೆ." ಇನ್ನೊಂದು, ಆ ಇಳಕಲ್ ಸೀರೆ. ಗಂಗಾ ತಂದು ವಾಪಸ್ ಕೊಡೋಕೆ ಬಂದ್ರೆ, "ಇಟ್ಕ, ನಿನ್ನ ಮದುವೆಗೆ ಉಟ್ಕಳ್ಳುವಂತಿ. ಈ ಹತ್ತಿ ಮೂಟೆ ಜೊತೆ ಮಾತ್ರ ಅಲ್ಲ" ಅಂದ್ಲು. ಆ ಹುಡುಗಿ ಅಷ್ಟು ದಿನಕ್ಕೆ ಅವತ್ತು ನಕ್ಕಿತು.

ಎಂಟನೇ ತಿಂಗಳು ಇನ್ನೂ ಅರ್ಧ ಆಗಿರ್ಲಿಲ್ಲ, ಒಂದು ದಿನ ಬೆಳಗ್ಗೆ ನೋವು ಶುರು ಆತು. ಹಿಂದಿನ ಬೀದಿ, ನಡ್ಕಂಡೇ ಹೋದ್ಲು, ಒಂದು ಕೈ ಅವರವ್ವನ ಹೆಗಲ ಮ್ಯಾಲೆ. ನಾನು ಹೊರಗೆ ಬೆಂಚಿನ ಮ್ಯಾಲೆ. ಹತ್ತು ಗಂಟೆ ಸುಮಾರಿಗೆ ಗಂಡು ಅಂದ್ರು, ಅದು ನಿಮ್ಮಪ್ಪ. ಸ್ವಲ್ಪ ಹೊತ್ತಿಗೆ ಹೆಣ್ಣು ಅಂದ್ರು, ಸರೋಜ. ಆಮೇಲೆ ಏನೂ ಇಲ್ಲ. ಭಾಳ ಹೊತ್ತು. ಹುಸೇನ್ ಸಾಬ ಗಾದಿ ಗಂಟು ಹಿಡ್ಕಂಡು ಬಂದು ನನ್ನ ಪಕ್ಕ ನಿಂತ. ಬಾಗಿಲ ಒಳಗಿಂದ ಪಾರ್ವತಿ ದನಿ ಕೇಳ್ತಿತ್ತು, ಬಿಟ್ಟು ಬಿಟ್ಟು. "ಇನ್ನೊಂದೈತೆ. ಗೊತ್ತೈತೆ ನನಗೆ. ತಡ್ರಿ, ಉಸಿರು ತಗಳ್ತೀನಿ." ಮೂರನೇದು ಕಾಲು ಮುಂದಾಗಿ ಬಂತು. ಅದೂ ಹೆಣ್ಣು. ಡಾಕ್ಟ್ರಮ್ಮ ಹೊರಗೆ ಬಂದು ಬೆವರು ಒರೆಸ್ಕಂತಾ ಹೇಳಿದ್ರು, "ಇನ್ನೊಂದೈತೆ ಅಂತ ಗೊತ್ತಿಲ್ದೆ ಇದ್ದಿದ್ರೆ ಎರಡಕ್ಕೇ ಕೈ ಚೆಲ್ಲಿರೋಳು ಸಾವ್ಕಾರ್ರೆ. ಶಕ್ತಿ ಉಳಿಸಿಟ್ಕಂಡಿದ್ಲು. ತಾಯಿ ಉಳಿದದ್ದು ಅದಕ್ಕೇ."

ಮೂವರು ಹೆಂಗಸರು ಮೂರು ಮೂಲ್ಯಾಗೆ ಕೂತ್ರು. ಎದೆಗೆ ಕೂಸು, ಕೂಸಿನ ಮ್ಯಾಲೆ ಅರಳೆ ಹೊದಿಕೆ, ಪಕ್ಕಕ್ಕೆ ಬಟ್ಟೆ ಸುತ್ತಿದ ಬಿಸಿನೀರ ಶೀಶೆ. ನಮ್ಮವ್ವ ಎಂಟು ತಿಂಗಳದ್ದು ಉಳಿಯಲ್ಲ ಅಂದಿದ್ದೋಳು, ನಿಮ್ಮಪ್ಪನ್ನ ಇಪ್ಪತ್ತು ದಿನ ಕೆಳಗೆ ಇಳಿಸ್ಲಿಲ್ಲ, ಪೂಜೆನೂ ಕೂತಲ್ಲೇ. ಗಂಗಾ ಕೈಯಾಗಿದ್ದ ಮೂರನೇದು ನನ್ನ ಎರಡು ಅಂಗೈ ಉದ್ದ ಇತ್ತು. ಒಳಲೇಲಿ ಹನಿ ಹನಿ ಹಾಕಿದ್ರೂ ನುಂಗೋಕೆ ಅದಕ್ಕೆ ಬಲ ಸಾಲಲಿಲ್ಲ. ಹತ್ತೊಂಬತ್ತು ದಿನ ಇತ್ತು. ಗಂಗಾ ತನ್ನ ಕೈಯಾಗೇ ಹೋತು ಅಂತ ಊಟ ಬಿಟ್ಟು ಕೂತಾಗ ಪಾರ್ವತಿನೇ ಎದ್ದು ಹೋಗಿ ಅವಳ ತಲೆ ಸವರಿ, "ನಿನ್ನ ಕೈಯಾಗೆ ಹತ್ತೊಂಬತ್ತು ದಿನ ಇತ್ತಲ್ಲೇ, ಹುಚ್ಚಿ" ಅಂದ್ಲು. ಉಳಿದೋವು ಎರಡು, ಹಂಗಾಗಿ ಅವಳಿ ಅಂತ ಅಂದ್ಕಂಡು ಬಂದ್ವಿ. ನಿಮ್ಮಜ್ಜಿ ಮಾತ್ರ ಯಾರಾದ್ರೂ ಮಕ್ಕಳೆಷ್ಟು ಅಂತ ಕೇಳಿದ್ರೆ, ಆಮೇಲೆ ಹುಟ್ಟಿದ ಇಬ್ರನ್ನೂ ಸೇರಿಸಿ, ಐದು ಅನ್ನೋಳು. ನಾಕಲ್ವಾ ಅಂತ ಜನ ತಿದ್ದಕ್ಕೆ ಹೋದ್ರೆ, ಐದೇ ಅನ್ನೋಳು.

ಅಗೋ, ಬಾಗಿಲಾಗೆ ನಿಂತು ನಿಮ್ಮವ್ವ ನನಗೆ ಕಣ್ಣು ಬಿಡ್ತಾ ಇದಾಳೆ, ಬಸುರಿ ಮುಂದೆ ಇದನ್ನೆಲ್ಲ ಯಾಕ ಹೇಳ್ತೀರಿ ಮಾವ ಅಂತ. ಒಂದು ಸಲ ಮುಚ್ಚಿಟ್ಟು ನೋಡೀನವ್ವ, ಸಾಕು. ಈಗ ಒಳ್ಳೇ ಆಸ್ಪತ್ರೆ ಅದಾವೆ, ಕೂಸಿಗೆ ಗಾಜಿನ ಪೆಟ್ಟಿಗೆ ಅದಾವೆ, ನಿನ್ನ ಮೂರೂ ಉಳಿತಾವೆ ಅಂತ ನನಗೆ ಅನ್ನಿಸ್ತೈತೆ, ಆದ್ರೆ ನನಗೆ ಅನ್ನಿಸೋದು ಕಟ್ಕಂಡು ಏನು. ನಾಳೆ ಡಾಕ್ಟ್ರ ಹತ್ರ ಹೋದಾಗ ಗಂಡನ್ನ ಹೊರಗೆ ಕೂಡ್ಸು, ಒಳಗೆ ಹೋಗಿ ಕೇಳೋದೆಲ್ಲ ನೀನೇ ಕೇಳು. ಹೊಟ್ಟೆ ನಿಂದು. ಏಳು, ಆ ತಟ್ಟೆ ಈ ಕಡೆ ತಗ.